ರಸ್ತೆಯ ಉಪ್ಪು ಕ್ರೋಮ್ ಚಕ್ರವನ್ನು ತಿನ್ನುತ್ತದೆಯೇ? ಚಿತ್ರದುರ್ಗದ ಗಾಡಿಗಳಿಗೆ ನಿಜವಾಗಿ ತಗಲುವ ಉಪ್ಪು ಯಾವುದು?

"ಚಳಿಗಾಲ ಬಂತು, ಎಚ್ಚರ! ರಸ್ತೆಗೆ ಹಾಕುವ ಉಪ್ಪು ನಿಮ್ಮ ಗಾಡಿಯ ಕ್ರೋಮ್ ಚಕ್ರಗಳನ್ನು ತಿಂದುಹಾಕುತ್ತದೆ. ವಾರಕ್ಕೊಮ್ಮೆ ಡೀಸೆಲ್ ಅಥವಾ ಹಳೇ ಇಂಜಿನ್ ಆಯಿಲ್ ಚೆನ್ನಾಗಿ ಸಿಂಪಡಿಸಿ. ಆಸಿಡ್‌ನಿಂದ ತೊಳೆದರೆ ಹೊಸದರಂತೆ ಹೊಳೆಯುತ್ತದೆ. ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ."

ಈ ಧಾಟಿಯ ಸಂದೇಶವನ್ನು ಹೊಸದುರ್ಗದ ಓದುಗರೊಬ್ಬರು ನಮಗೆ ಕಳಿಸಿ, "ಇದು ನಿಜವೇ?" ಎಂದು ಕೇಳಿದ್ದರು. ಕೇಳುವ ಹೊತ್ತಿಗೆ ಅವರು ಸಂದೇಶದಲ್ಲಿ ಹೇಳಿದ್ದನ್ನು ಮಾಡಿಯೂ ಆಗಿತ್ತು. ಬೈಕಿನ ಎರಡೂ ಚಕ್ರಕ್ಕೆ ಹಳೇ ಆಯಿಲ್ ಸಿಂಪಡಿಸಿ, ಮರುದಿನ ಸಂತೆಗೆ ಹೊರಟಾಗ ಹಿಂದಿನ ಬ್ರೇಕ್ ಹಿಡಿಯಲಿಲ್ಲ. ರಸ್ತೆ ಖಾಲಿ ಇದ್ದುದರಿಂದ ಏನೂ ಆಗಲಿಲ್ಲ. ಇದೇ ಘಟನೆ ಹೆದ್ದಾರಿಯಲ್ಲಿ ನಡೆದಿದ್ದರೆ? ಆ ಕಾರಣಕ್ಕಾಗಿ ಈ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ರಸ್ತೆಗೆ ಉಪ್ಪು ಹಾಕುವುದು ಎಲ್ಲಿ, ಏಕೆ?

ಅಮೆರಿಕ, ಕೆನಡಾ, ಯುರೋಪಿನ ಹಲವು ದೇಶಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಬಿದ್ದು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿದರೆ, ಉಪ್ಪು ಬೆರೆತ ನೀರು ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪಿನ ಪ್ರಮಾಣ ಶೇ. 23ರಷ್ಟಿದ್ದರೆ ಸುಮಾರು ಮೈನಸ್ 21 ಡಿಗ್ರಿಯವರೆಗೂ ಅದು ನೀರಾಗಿಯೇ ಉಳಿಯುತ್ತದೆ. ಹಾಗಾಗಿ ಅಲ್ಲಿ ಲಾರಿಗಳಲ್ಲಿ ಉಪ್ಪು ತಂದು ರಸ್ತೆಗೆ ಚೆಲ್ಲುತ್ತಾರೆ. ಅಮೆರಿಕವೊಂದರಲ್ಲೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಹೀಗೆ ಬಳಕೆಯಾಗುತ್ತದೆ. ಆ ಉಪ್ಪುನೀರು ಚಕ್ರಕ್ಕೆ ಸಿಡಿದು ಕ್ರೋಮ್ ಹಾಳಾಗುವುದು ಅಲ್ಲಿ ನಿಜವಾದ ಸಮಸ್ಯೆ.

ಚಿತ್ರದುರ್ಗದಲ್ಲಿ? ನಮ್ಮಲ್ಲಿ ಚಳಿಗಾಲದ ರಾತ್ರಿಯೂ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಹಿರಿಯೂರು, ಚಿತ್ರದುರ್ಗ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ಕ್ಕಾಗಲಿ, ಹೊಳಲ್ಕೆರೆ, ಹೊಸದುರ್ಗದ ರಸ್ತೆಗಳಿಗಾಗಲಿ ಯಾರೂ ಉಪ್ಪು ಹಾಕುವುದಿಲ್ಲ. ಈ ಸಂದೇಶ ಹಿಮ ಬೀಳುವ ಊರಿಗಾಗಿ ಬರೆದದ್ದು. ಯಾರೋ ಅನುವಾದ ಮಾಡಿ, ತಮ್ಮದೂ ನಾಲ್ಕು ಸಾಲು ಸೇರಿಸಿ ನಮ್ಮ ಗ್ರೂಪಿಗೆ ತಂದು ಬಿಟ್ಟಿದ್ದಾರೆ.

ಹಾಗಾದರೆ ಸಂದೇಶ ಸುಳ್ಳು, ಮುಗಿಯಿತು ಎನ್ನಬಹುದೇ? ಅಷ್ಟು ಸುಲಭವಲ್ಲ. ನಮ್ಮ ಗಾಡಿಗಳಿಗೂ ಉಪ್ಪು ತಗಲುತ್ತದೆ. ಅದು ಬೇರೆ ದಾರಿಯಲ್ಲಿ ಬರುತ್ತದೆ.

ಮೊದಲು, ಕ್ರೋಮ್ ಎಂದರೇನು?

ಕಡ್ಡಿ ಚಕ್ರದ ಬೈಕುಗಳ ರಿಮ್, ಹ್ಯಾಂಡಲ್, ಸೈಲೆನ್ಸರ್, ಲೇಡೀಸ್ ಹ್ಯಾಂಡಲ್ ಇವೆಲ್ಲ ಕನ್ನಡಿಯಂತೆ ಹೊಳೆಯುವುದು ಕ್ರೋಮಿಯಂ ಎಂಬ ಲೋಹದ ಲೇಪನದಿಂದ. ಈ ಲೋಹದ ಅದಿರು ನಮಗೆ ದೂರದ್ದೇನಲ್ಲ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಅದರ ಗಣಿ ಇದೆ.

ರಿಮ್ ಪೂರ್ತಿ ಕ್ರೋಮಿಯಂನಿಂದ ಆಗಿರುವುದಿಲ್ಲ. ಒಳಗಿರುವುದು ಉಕ್ಕು. ಅದರ ಮೇಲೆ ನಿಕಲ್ ಪದರ. ಎಲ್ಲಕ್ಕಿಂತ ಮೇಲೆ ಕ್ರೋಮಿಯಂನ ತೀರಾ ತೆಳುವಾದ ಪದರ. ಹೊಳಪಿಗಾಗಿ ಹಾಕುವ ಈ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತ ಕಡಿಮೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಎಂದರೆ ಕೂದಲಿನ ನೂರನೇ ಒಂದು ಭಾಗದಷ್ಟೂ ಇಲ್ಲದ ಪದರ ಅದು.

ಕ್ರೋಮಿಯಂ ಗಾಳಿಗೆ ತಾಕಿದ ಕೂಡಲೇ ತನ್ನ ಮೇಲೆ ತಾನೇ ಒಂದು ಕಾಣದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯೇ ಅದರ ರಕ್ಷಣೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಈ ರಕ್ಷಣೆಯನ್ನು ಅಲ್ಲಲ್ಲಿ ಮುರಿಯುತ್ತದೆ. ಲೇಪನದಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕು, ರಂಧ್ರ ಇದ್ದೇ ಇರುತ್ತವೆ. ಉಪ್ಪುನೀರು ಅವುಗಳ ಮೂಲಕ ಉಕ್ಕಿನವರೆಗೆ ಇಳಿಯುತ್ತದೆ. ಬರೀ ನೀರಿಗಿಂತ ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರಾದಂತೆ. ಆ ಬ್ಯಾಟರಿಯಲ್ಲಿ ಸವೆಯುವುದು ಉಕ್ಕು. ಮೇಲೆ ಸೂಜಿಮೊನೆಯಷ್ಟು ಚುಕ್ಕೆ ಕಾಣುತ್ತದೆ, ಒಳಗೆ ತುಕ್ಕು ಅಗಲವಾಗುತ್ತಾ ಹೋಗುತ್ತದೆ. ಕೊನೆಗೆ ಕ್ರೋಮ್ ಪದರ ಹಕ್ಕಳೆಯಂತೆ ಏಳುತ್ತದೆ.

ನಮ್ಮ ಊರಿನ ಉಪ್ಪು ಎಲ್ಲಿಂದ ಬರುತ್ತದೆ?

ಮೊದಲನೆಯದು, ಬೋರ್ ನೀರು. ಚಿತ್ರದುರ್ಗ ಮಳೆ ಕಡಿಮೆ ಬೀಳುವ ಜಿಲ್ಲೆ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೋಡಲು ಹೋದದ್ದು ನೆನಪಿರಬಹುದು. 89 ವರ್ಷಗಳ ಬಳಿಕ ಅದು ತುಂಬಿ ಹರಿದಿತ್ತು. ನಲ್ಲಿಯಲ್ಲಿ ಡ್ಯಾಂ ನೀರು ಬರುವ ಊರುಗಳಲ್ಲೂ ಗಾಡಿ ತೊಳೆಯಲು ಹೆಚ್ಚಾಗಿ ಬಳಸುವುದು ಬೋರ್ ನೀರನ್ನೇ. ಕಲ್ಲು ಮಣ್ಣಿನ ನಡುವೆ ವರ್ಷಗಟ್ಟಲೆ ನಿಂತ ಆ ನೀರಿನಲ್ಲಿ ಲವಣಗಳು ಕರಗಿರುತ್ತವೆ. ನಾವು ಅದನ್ನು ಸವುಳು ನೀರು ಎನ್ನುತ್ತೇವೆ.

ಕುಡಿಯುವ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡ. ನಿಮ್ಮ ಬೋರ್ ನೀರಿನ ಟಿಡಿಎಸ್ 1000 ಇದೆ ಎಂದುಕೊಳ್ಳಿ. 15 ಲೀಟರಿನ ಒಂದು ಬಕೆಟ್‌ನಲ್ಲಿ 15 ಗ್ರಾಂ ಲವಣ ಇರುತ್ತದೆ. ಸುಮಾರು ಮೂರು ಟೀ ಚಮಚ. ಅದರಲ್ಲಿ ಬಹುಪಾಲು ನೀರಿನ ಜೊತೆ ಹರಿದು ಹೋಗುತ್ತದೆ. ಗಾಡಿಯ ಮೇಲೆ ನಿಂತು, ಬಿಸಿಲಿಗೆ ಒಣಗಿದ ನೀರಿನ ಲವಣ ಮಾತ್ರ ಅಲ್ಲೇ ಉಳಿಯುತ್ತದೆ. ಪ್ರತಿ ಸಲ ತೊಳೆದಾಗಲೂ ಹೊಸ ಪದರ ಸೇರುತ್ತದೆ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ರಿಮ್ ಮೇಲೆ ಕಾಣುವ ಬಿಳಿ ಕಲೆ ತುಕ್ಕಲ್ಲ. ಅದು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಜಾತಿಯದು. ಗೀಸರ್ ಕಾಯಿಲ್‌ಗೆ, ನಲ್ಲಿಯ ಬಾಯಿಗೆ ಕಟ್ಟುವುದೂ ಅದೇ. ಅದೊಂದೇ ಲೋಹವನ್ನು ತಿನ್ನುವುದಿಲ್ಲ. ಆದರೆ ಅದರ ಜೊತೆಗೇ ಉಳಿಯುವ ಕ್ಲೋರೈಡ್, ಸಲ್ಫೇಟ್ ಲವಣಗಳು ತಿನ್ನುತ್ತವೆ. ಬಿಳಿ ಪದರದ ಅಡಿಯಲ್ಲಿ ತೇವ ನಿಂತರೆ ಅವುಗಳ ಕೆಲಸ ಇನ್ನೂ ಸಲೀಸು. ಹಾಗೆಂದು ಗಾಬರಿ ಬೇಡ. ಹಿಮದ ಊರಿನ ರಸ್ತೆಯ ಉಪ್ಪುನೀರಿನಲ್ಲಿ ಲೀಟರಿಗೆ 200 ಗ್ರಾಮಿಗೂ ಹೆಚ್ಚು ಉಪ್ಪು ಇರಬಹುದು. ನಮ್ಮ ಬೋರ್ ನೀರು ಅದರ ಹತ್ತಿರವೂ ಬರುವುದಿಲ್ಲ. ಅಲ್ಲಿ ಒಂದೆರಡು ಚಳಿಗಾಲದಲ್ಲಿ ಆಗುವ ಹಾನಿ ಇಲ್ಲಿ ನಿಧಾನಕ್ಕೆ, ಹಲವು ವರ್ಷಗಳಲ್ಲಿ ಆಗುತ್ತದೆ.

"ನಮ್ಮ ನೀರಿನಲ್ಲಿ ಫ್ಲೋರೈಡ್ ಇದೆಯಲ್ಲ, ಅದು ಚಕ್ರಕ್ಕೂ ಕೆಟ್ಟದ್ದೇ?" ಎಂದು ಕೆಲವರು ಕೇಳುತ್ತಾರೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಫ್ಲೋರೈಡ್ ಹಲ್ಲಿಗೆ, ದಾಟುತ್ತಾ ಹೋದರೆ ಮೂಳೆಗೆ ಕೆಡುಕು. ಆದರೆ ಕ್ರೋಮ್ ವಿಷಯದಲ್ಲಿ ಈ ಪ್ರಮಾಣದ ಫ್ಲೋರೈಡ್ ಲೆಕ್ಕಕ್ಕಿಲ್ಲ. ಅಲ್ಲಿ ನೋಡಬೇಕಾದದ್ದು ಕ್ಲೋರೈಡ್.

ಎರಡನೆಯದು, ಆರ್‌ಒ ಘಟಕದ ತ್ಯಾಜ್ಯ ನೀರು. "ಆರ್‌ಒ ವೇಸ್ಟ್ ನೀರಿನಲ್ಲಿ ಗಾಡಿ ತೊಳೆಯಿರಿ, ನೀರು ಉಳಿಸಿ" ಎಂಬ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತಿದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಒಳ್ಳೆಯ ನೀರಿನಿಂದ ತೆಗೆದ ಲವಣವೆಲ್ಲ ಆ ತ್ಯಾಜ್ಯ ನೀರಿಗೇ ಸೇರುತ್ತದೆ. ಅರ್ಧ ನೀರು ಶುದ್ಧವಾಗಿ, ಅರ್ಧ ಹೊರಗೆ ಬಂದರೆ, ಹೊರಬಂದ ನೀರಿನಲ್ಲಿ ಲವಣ ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ಅಂಗಳ, ಟಾಯ್ಲೆಟ್ ತೊಳೆಯಲು ಬಳಸಿ. ಗಾಡಿಗೆ ಬಳಸಿದರೆ ಕೊನೆಯಲ್ಲಿ ಒಂದು ಚೊಂಬು ಒಳ್ಳೆಯ ನೀರು ಸುರಿದು ಒರೆಸಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗೊಬ್ಬರದ ಚೀಲ. ರೈತರು ಬಳಸುವ ಪೊಟ್ಯಾಷ್ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಎರಡೂ ಅಣ್ಣತಮ್ಮಂದಿರು. ಪೊಟ್ಯಾಷ್‌ನ ತೂಕದಲ್ಲಿ ಅರ್ಧಕ್ಕೆ ಹತ್ತಿರ ಕ್ಲೋರೈಡೇ ಇರುತ್ತದೆ. ಹೊಳಲ್ಕೆರೆಯ ಅಡಿಕೆ ತೋಟಕ್ಕೆ, ಹಿರಿಯೂರು, ಹೊಸದುರ್ಗದ ತೆಂಗು, ದಾಳಿಂಬೆಗೆ ಗೊಬ್ಬರ ಹೋಗುವುದು ಬೈಕಿನ ಹಿಂದೆಯೋ ಟಿವಿಎಸ್‌ನ ಮುಂದೆಯೋ ಇಟ್ಟ ಚೀಲದಲ್ಲಿ. ತೆಂಗಿನ ಬುಡಕ್ಕೆ ಹಾಕಲು ಕಲ್ಲುಪ್ಪಿನ ಮೂಟೆ ಒಯ್ಯುವವರೂ ಇದ್ದಾರೆ. ಚೀಲದ ತೂತಿನಿಂದ ಉದುರಿದ ಹರಳು ರಿಮ್ಮಿನ ಅಂಚಿನಲ್ಲಿ, ಕಡ್ಡಿ ಸೇರುವ ಜಾಗದಲ್ಲಿ, ಟ್ರ್ಯಾಕ್ಟರ್ ಟ್ರೈಲರಿನ ಸಂದಿಯಲ್ಲಿ ಕೂರುತ್ತದೆ. ಹಿಮದ ಊರಿನ ಚಕ್ರಕ್ಕೆ ರಸ್ತೆ ಮಾಡುವ ಕೆಲಸವನ್ನು ನಮ್ಮ ಚಕ್ರಕ್ಕೆ ಈ ಚೀಲ ಮಾಡುತ್ತದೆ.

ಇದಕ್ಕೆ ಚಳಿಗಾಲದ ನಂಟೂ ಇದೆ. ಗಾಳಿಯಲ್ಲಿ ತೇವ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ತೇವ ಹೀರಿ ನೀರಾಗುತ್ತದೆ. ಪೊಟ್ಯಾಷ್‌ಗೆ ಇದಕ್ಕಿಂತ ಸ್ವಲ್ಪ ಹೆಚ್ಚು ತೇವ ಬೇಕು. ಇಬ್ಬನಿ ಬೀಳುವ ನವೆಂಬರ್, ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗೆ ನಿಲ್ಲಿಸಿದ ಗಾಡಿಯ ಲೋಹ ತಣ್ಣಗಾಗಿ ಬೆಳಗಿನ ಹೊತ್ತಿಗೆ ಒದ್ದೆಯಾಗಿರುತ್ತದೆ. ಹಗಲೆಲ್ಲ ಒಣಗಿದ್ದ ಲವಣ ಆಗ ಮತ್ತೆ ಕರಗಿ ಕೆಲಸ ಶುರು ಮಾಡುತ್ತದೆ.

ನಾಲ್ಕನೆಯದು, ಸಮುದ್ರ ತೀರದ ಪ್ರವಾಸ. ಮುರ್ಡೇಶ್ವರ, ಗೋಕರ್ಣ, ಮಲ್ಪೆಗೆ ಹೋಗಿ ಮರಳಿನ ಮೇಲೆ ಗಾಡಿ ಓಡಿಸಿ ಬಂದವರು ಗಮನಿಸಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಊರಿಗೆ ಬಂದ ಮೇಲೆ ತೊಳೆದರಾಯಿತು ಎನ್ನದೆ ಅಂದೇ ತೊಳೆಯಿರಿ.

ಕೆಂಪಗಿರುವುದೆಲ್ಲ ತುಕ್ಕೇ?

ಅಲ್ಲ. ಹೊಳಲ್ಕೆರೆ, ಭೀಮಸಮುದ್ರ, ಹೊಸದುರ್ಗದ ಕಡೆ ಕಬ್ಬಿಣದ ಅದಿರಿನ ನೆಲವಿದೆ, ಗಣಿಯೂ ಅದಿರಿನ ಲಾರಿಗಳೂ ಇವೆ. ಆ ಕೆಂಪು ದೂಳಿನ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ನೋಡಲು ತುಕ್ಕಿನಂತೆಯೇ ಇರುತ್ತದೆ, ಆದರೆ ಅದು ನಿಮ್ಮ ರಿಮ್ಮಿನಿಂದ ಬಂದದ್ದಲ್ಲ, ನೆಲದಿಂದ ಬಂದದ್ದು. ಪರೀಕ್ಷೆ ಸುಲಭ. ಒದ್ದೆ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಹೋದರೆ ದೂಳು. ಚುಕ್ಕೆ ಉಳಿದು, ಉಗುರಿಗೆ ಒರಟು ತಾಗಿದರೆ ತುಕ್ಕು. ದೂಳನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಅದರಲ್ಲಿರುವ ಗಟ್ಟಿ ಕಣಗಳು ಗೀರು ಹಾಕುತ್ತವೆ.

ಫಾರ್ವರ್ಡ್‌ಗಳ ಮನೆಮದ್ದು: ಯಾವುದು ಸರಿ, ಯಾವುದು ತಪ್ಪು?

*ಡೀಸೆಲ್, ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಸಿಂಪಡಿಸುವುದು: ಅಪಾಯ.* ಬ್ರೇಕ್ ಕೆಲಸ ಮಾಡುವುದು ಉಜ್ಜಾಟದಿಂದ. ಬ್ರೇಕ್ ಶೂ ಅಥವಾ ಡಿಸ್ಕ್ ಪ್ಯಾಡಿಗೆ ಎಣ್ಣೆ ತಗಲಿದರೆ ಆ ಉಜ್ಜಾಟ ಹೋಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಬ್ರೇಕ್ ಹಿಡಿಯುವುದು ಒಂದೇ ಸೆಕೆಂಡ್ ತಡವಾದರೂ ಮುಂದಿನ ಲಾರಿಯ ಅಡಿಗೆ ಹೋಗಲು ಅಷ್ಟು ಸಾಕು. ಟೈರಿನ ರಬ್ಬರಿಗೂ ಈ ಎಣ್ಣೆಗಳು ಒಳ್ಳೆಯದಲ್ಲ. ಈಗಾಗಲೇ ಸಿಂಪಡಿಸಿದ್ದರೆ ಗಾಡಿ ಓಡಿಸಬೇಡಿ. ಮೆಕ್ಯಾನಿಕ್‌ಗೆ ವಿಷಯ ಹೇಳಿ ಡ್ರಮ್, ಡಿಸ್ಕ್ ಸ್ವಚ್ಛ ಮಾಡಿಸಿ. ಎಣ್ಣೆ ಹೀರಿದ ಶೂ, ಪ್ಯಾಡುಗಳನ್ನು ಬದಲಿಸುವುದೇ ಸರಿ.

*ಬಾತ್‌ರೂಮ್ ಆಸಿಡ್: ಅಪಾಯ.* ಟಾಯ್ಲೆಟ್ ತೊಳೆಯುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಹೊಸದಾಗಿ ಲೇಪನ ಮಾಡುವ ಮೊದಲು ಹಳೇ ಕ್ರೋಮ್ ಪದರವನ್ನು ಕಿತ್ತು ತೆಗೆಯಲು ಕಾರ್ಖಾನೆಗಳಲ್ಲಿ ಬಳಸುವುದೂ ಇದನ್ನೇ! ಮೊದಲ ದಿನ ಕಲೆ ಹೋಗಿ ಹೊಳೆಯಬಹುದು, ಆದರೆ ಹೊಳಪಿನ ಪದರವೇ ಕರಗುತ್ತಿರುತ್ತದೆ. ಇದಕ್ಕೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಎಂದಿಗೂ ಬೆರೆಸಬೇಡಿ.

*ಅಲ್ಯೂಮಿನಿಯಂ ಫಾಯಿಲ್ ಮತ್ತು ನೀರು: ಅರ್ಧ ಸರಿ.* ಊಟ ಕಟ್ಟುವ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಮೇಲಿನ ಸಣ್ಣ ತುಕ್ಕು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ಗೀರು ಕಡಿಮೆ. ಆದರೆ ಕಿತ್ತುಹೋದ ಕ್ರೋಮ್ ಇದರಿಂದ ಮರಳಿ ಬರುವುದಿಲ್ಲ.

*ಕೋಲಾ ಪಾನೀಯ: ಅರ್ಧ ಸರಿ.* ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ತುಕ್ಕನ್ನು ಸ್ವಲ್ಪ ಸಡಿಲಿಸುತ್ತದೆ. ಸಕ್ಕರೆ ಮಾತ್ರ ಅಂಟಾಗಿ ಉಳಿದು ದೂಳನ್ನೂ ಇರುವೆಯನ್ನೂ ಕರೆಯುತ್ತದೆ.

*ನಿಂಬೆ, ಹುಣಸೆಹಣ್ಣು, ವಿನೆಗರ್: ಬಿಳಿ ಕಲೆಗೆ ಸರಿ, ತುಕ್ಕಿಗೆ ಅಷ್ಟಕ್ಕಷ್ಟೆ.* ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ನಮ್ಮ ಅಜ್ಜಿಯರ ಬುದ್ಧಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಹುಳಿ ಸುಣ್ಣದ ಕಲೆಯನ್ನು ಕರಗಿಸುತ್ತದೆ. ನೀರು ಬೆರೆಸಿ ಹಚ್ಚಿ, ಎರಡು ನಿಮಿಷದಲ್ಲಿ ಚೆನ್ನಾಗಿ ತೊಳೆದು ಒರೆಸಿ. ತುಕ್ಕು ಕಾಣುವ ಜಾಗದಲ್ಲಿ ಹುಳಿ ನಿಂತರೆ ಒಳಗಿನ ಉಕ್ಕಿಗೆ ಕೆಡುಕು. ಅಲಾಯ್ ಚಕ್ರಕ್ಕೆ ಹಚ್ಚಬೇಡಿ.

*ಟೂತ್‌ಪೇಸ್ಟ್: ಪದೇ ಪದೇ ಬೇಡ.* ಅದರಲ್ಲಿ ಉಜ್ಜುವ ಕಣಗಳಿವೆ. ಅರ್ಧ ಮೈಕ್ರಾನ್ ಪದರವನ್ನು ಎಷ್ಟು ಸಲ ಉಜ್ಜಲು ಸಾಧ್ಯ?

*ಕೊಬ್ಬರಿ ಎಣ್ಣೆ: ಸ್ವಲ್ಪ ದಿನಕ್ಕೆ ಮಾತ್ರ.* ಹ್ಯಾಂಡಲ್, ಕನ್ನಡಿಯ ಕಡ್ಡಿಗೆ ತೆಳುವಾಗಿ ಸವರಿದರೆ ನೀರು ತಡೆಯುತ್ತದೆ. ನಮ್ಮ ದೂಳಿಗೆ ಅದು ಬೇಗ ಜಿಡ್ಡಾಗುತ್ತದೆ. ಚಕ್ರದ ಹತ್ತಿರ ಯಾವ ಎಣ್ಣೆಯೂ ಬೇಡ.

ಎಲ್ಲ ಚಕ್ರವೂ ಕ್ರೋಮ್ ಅಲ್ಲ

ಈಗಿನ ಹೆಚ್ಚಿನ ಬೈಕುಗಳ, ಹಲವು ಕಾರುಗಳ ಚಕ್ರ ಅಲಾಯ್. ಅದು ಅಲ್ಯೂಮಿನಿಯಂ ಮಿಶ್ರಲೋಹ, ಮೇಲೆ ಬಣ್ಣ ಮತ್ತು ಲ್ಯಾಕರ್. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಕಲ್ಲು ತಾಗಿ ಲ್ಯಾಕರ್ ಚಕ್ಕೆ ಎದ್ದ ಜಾಗದಿಂದ, ಹುಳು ಹರಿದಂಥ ಬಿಳಿ ಗೆರೆ ಏಳಬಹುದು. ಅದಕ್ಕೆ ಕ್ರೋಮ್ ಪಾಲಿಶ್ ಮದ್ದಲ್ಲ. ಚಕ್ಕೆ ಎದ್ದ ಜಾಗಕ್ಕೆ ಬೇಗ ಬಣ್ಣ ಹಚ್ಚಿಸುವುದೇ ದಾರಿ.

ಹಾಗಾದರೆ ಏನು ಮಾಡಬೇಕು?

1. ಗೊಬ್ಬರ, ಉಪ್ಪು ಸಾಗಿಸುವಾಗ ಚೀಲದ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕಿ. ಇಳಿಸಿದ ದಿನವೇ ಚಕ್ರ, ಕಡ್ಡಿಯ ಬುಡಕ್ಕೆ ನೀರು ಹಾಯಿಸಿ.

2. ನೆರಳಿನಲ್ಲಿ, ಚಕ್ರ ಮತ್ತು ಬ್ರೇಕ್ ತಣ್ಣಗಾದ ಮೇಲೆ ತೊಳೆಯಿರಿ. ಬಿಸಿ ಲೋಹದ ಮೇಲೆ ನೀರು ಕೂಡಲೇ ಒಣಗಿ ಕಲೆ ಬಿಡುತ್ತದೆ.

3. ತೊಳೆದ ಕೂಡಲೇ ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿ. ಎಲ್ಲಕ್ಕಿಂತ ಹೆಚ್ಚು ಉಪಯೋಗ ಇದರಿಂದಲೇ, ಇದಕ್ಕೆ ಖರ್ಚೂ ಇಲ್ಲ. ಬಟ್ಟೆ ಹೀರಿದ ನೀರಿನ ಜೊತೆ ಅದರಲ್ಲಿನ ಲವಣವೂ ಹೋಗುತ್ತದೆ.

4. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಚೊಂಬಿಗೆ ಅದನ್ನು ಬಳಸಿ. ಕುಡಿಯುವ ಆರ್‌ಒ ನೀರನ್ನು ಗಾಡಿಗೆ ಸುರಿಯಬೇಡಿ.

5. ಎರಡು ಮೂರು ತಿಂಗಳಿಗೊಮ್ಮೆ ಒಣಗಿದ ಕ್ರೋಮ್ ಮೇಲೆ ಕಾರ್ ವ್ಯಾಕ್ಸ್ ತೆಳುವಾಗಿ ಹಚ್ಚಿ ಒರೆಸಿ. ಡಿಸ್ಕ್, ಡ್ರಮ್, ಟೈರಿಗೆ ತಾಗದಿರಲಿ. ಆಯುಧಪೂಜೆಗೆ ಹೇಗೂ ಗಾಡಿ ತೊಳೆಯುತ್ತೇವೆ, ಅಂದು ಹಚ್ಚಿದರೆ ಇಬ್ಬನಿ ಶುರುವಾಗುವ ಮೊದಲೇ ರಕ್ಷಣೆ ಸಿಗುತ್ತದೆ.

6. ಕ್ರೋಮ್ ಹಕ್ಕಳೆ ಎದ್ದಿದ್ದರೆ, ಕಡ್ಡಿಯ ಬುಡದಲ್ಲಿ ತುಕ್ಕು ಆಳವಾಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ರಿಮ್ಮಿನ ಒಳಗಿನ ತುಕ್ಕು ಟ್ಯೂಬನ್ನು ಉಜ್ಜಿ ಪಂಕ್ಚರ್ ಮಾಡಬಲ್ಲದು.

ನಿಮ್ಮ ನೀರು ಎಂಥದ್ದು ಎಂದು ಮನೆಯಲ್ಲೇ ತಿಳಿಯಬೇಕೆ? ಒಂದು ಕನ್ನಡಿಯ ಮೇಲೆ ಬೋರ್ ನೀರು, ಆರ್‌ಒ ನೀರು, ಮಳೆನೀರಿನ ಒಂದೊಂದು ಹನಿ ಬಿಟ್ಟು ಒಣಗಲು ಬಿಡಿ. ಯಾವುದು ಎಷ್ಟು ಬಿಳಿ ಉಂಗುರ ಬಿಡುತ್ತದೆ ನೋಡಿ. ಮಕ್ಕಳಿಗೂ ತೋರಿಸಿ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಊರಿನವರಿಗೆ ಬರೆದದ್ದು? ನಮ್ಮ ಊರಿನಲ್ಲಿ ಆ ಕಾರಣ ಇದೆಯೇ? ಹೇಳಿದಂತೆ ಮಾಡಿ ಅದು ತಪ್ಪಾದರೆ ಯಾರಿಗೆ ಪೆಟ್ಟು? ಮೂರನೆಯ ಪ್ರಶ್ನೆಗೆ ಉತ್ತರ "ಜೀವಕ್ಕೆ" ಎಂದಾದರೆ ಬೆರಳು ಅಲ್ಲೇ ನಿಲ್ಲಲಿ.

ನಿಮ್ಮ ಮಗನೋ ತಂಗಿಯೋ ಟೊರಾಂಟೊದಲ್ಲೋ ಷಿಕಾಗೊದಲ್ಲೋ ಇದ್ದರೆ ರಸ್ತೆ ಉಪ್ಪಿನ ಎಚ್ಚರಿಕೆ ಅವರಿಗೆ ಕಳಿಸಿ. ಹಿಮಗಾಲದ ಮೊದಲು ವ್ಯಾಕ್ಸ್ ಹಚ್ಚುವುದು, ಆಗಾಗ ಚಕ್ರ ಮತ್ತು ಗಾಡಿಯ ಅಡಿಭಾಗ ತೊಳೆಯುವುದು ಅವರಿಗೆ ನಿಜಕ್ಕೂ ಬೇಕು. ಆಯಿಲ್, ಆಸಿಡ್‌ನ ಸಾಲುಗಳನ್ನು ಮಾತ್ರ ಅಳಿಸಿ ಕಳಿಸಿ. ಆ ಎರಡು ಸಲಹೆ ಯಾವ ಊರಿಗೂ ಸಲ್ಲುವುದಿಲ್ಲ.